ಯೆಮೆನಿನಿಂದ ಟ್ರಿಯೆಸ್ಟೆಗೆ: ಒಂದು ಕಾಫಿ ಹೌಸ್ ಹೇಳುವ ಇತಿಹಾಸ

ಆಡ್ರಿಯಾಟಿಕ್ ಸಮುದ್ರದ ಉತ್ತರ ತುದಿಯಲ್ಲಿ, ಸ್ಲೊವೇನಿಯಾದ ಗಡಿಗೆ ಅಂಟಿಕೊಂಡಂತೆ ಟ್ರಿಯೆಸ್ಟೆ ಎಂಬ ಬಂದರು ನಗರವಿದೆ. ಇಂದು ಅದು ಇಟಲಿಗೆ ಸೇರಿದೆ. ಆದರೆ 1382ರಿಂದ 1918ರ ವರೆಗೆ, ನೆಪೋಲಿಯನ್ನನ ಕಾಲದಂತಹ ಕೆಲವು ಅಲ್ಪಾವಧಿಗಳನ್ನು ಬಿಟ್ಟರೆ, ಅದು ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ದೊರೆಗಳ ಅಧೀನದಲ್ಲಿತ್ತು. ನಾಲ್ಕು ಕಡೆಯೂ ನೆಲದಿಂದ ಸುತ್ತುವರಿದ ವಿಯೆನ್ನಾ ನಗರಕ್ಕೆ ಸಮುದ್ರದ ಬಾಗಿಲಾಗಿದ್ದುದು ಟ್ರಿಯೆಸ್ಟೆಯೇ. ಆರನೆಯ ಚಾರ್ಲ್ಸ್ ಚಕ್ರವರ್ತಿ 1719ರಲ್ಲಿ ಅದನ್ನು ಮುಕ್ತ ಬಂದರೆಂದು ಘೋಷಿಸಿದನು. ಸುಂಕದ ಹೊರೆ ಇಳಿದ ಬಳಿಕ ಗ್ರೀಕರು, ಸರ್ಬಿಯನ್ನರು, ಅರ್ಮೇನಿಯನ್ನರು, ಯಹೂದಿಗಳು ಅಲ್ಲಿಗೆ ಬಂದು ನೆಲೆಸಿದರು. 1857ರಲ್ಲಿ ವಿಯೆನ್ನಾದಿಂದ ಅಲ್ಲಿಯವರೆಗೆ ರೈಲುಮಾರ್ಗ ಪೂರ್ಣಗೊಂಡಿತು. ಹಡಗಿನಿಂದ ಇಳಿದ ಕಾಫಿ ಮೂಟೆಗಳು ಆ ರೈಲಿನಲ್ಲಿ ಸಾಮ್ರಾಜ್ಯದ ಒಳನಾಡನ್ನು ಸೇರುತ್ತಿದ್ದವು. ಹೀಗೆ ಕಾಫಿ ಆ ನಗರದ ಕಸುಬಾಯಿತು, ಅಭ್ಯಾಸವಾಯಿತು, ಕೊನೆಗೆ ಅದರ ಗುರುತೇ ಆಯಿತು.

ಇಂದಿಗೂ ಟ್ರಿಯೆಸ್ಟೆಯ ಜನರಿಗೆ ಕಾಫಿಯ ವಿಷಯದಲ್ಲಿ ತಮ್ಮದೇ ಆದ ಒಂದು ಭಾಷೆಯಿದೆ. ಇಟಲಿಯ ಬೇರೆಡೆ ಎಸ್ಪ್ರೆಸ್ಸೊ ಎನ್ನುವ ಕಡುಕಾಫಿಗೆ ಇಲ್ಲಿ 'ನೇರೊ', ಅಂದರೆ ಕಪ್ಪು, ಎನ್ನುತ್ತಾರೆ. ಅದಕ್ಕೆ ಒಂದಿಷ್ಟು ಹಾಲು ಬೆರೆತರೆ 'ಕಾಪೊ'. ಅದನ್ನೇ ಪುಟ್ಟ ಗಾಜಿನ ಲೋಟದಲ್ಲಿ ಕೊಟ್ಟರೆ 'ಕಾಪೊ ಇನ್ ಬಿ'. ಜಗತ್ತಿನಾದ್ಯಂತ ಹೆಸರಾದ ಇಲ್ಲಿ ಕಾಫಿ ಸಂಸ್ಥೆ 1933ರಲ್ಲಿ ಹುಟ್ಟಿದ್ದೂ ಈ ನಗರದಲ್ಲಿಯೇ.

ನಾವು ಟ್ರಿಯೆಸ್ಟೆಗೆ ಹೋದಾಗ ನೋಡಬಯಸಿದ್ದು ಅಲ್ಲಿನ ಹಳೆಯ ಕಾಫಿ ಹೌಸ್‌ಗಳಲ್ಲೊಂದಾದ ಕಾಫೆ ಸಾನ್ ಮಾರ್ಕೊವನ್ನು. ಅದಕ್ಕಿಂತ ಹಳೆಯವೂ ಅಲ್ಲಿವೆ. ಕಾಫೆ ತೊಮ್ಮಸೇವೊ 1830ರದು, ಸಮುದ್ರದೆದುರಿನ ದೊಡ್ಡ ಚೌಕದಲ್ಲಿರುವ ಕಾಫೆ ದೆಲ್ಯಿ ಸ್ಪೆಕ್ಕಿ 1839ರದು. ಆದರೆ ವಿಯೆನ್ನಾ ಮಾದರಿಯ ಕಾಫಿ ಹೌಸ್ ಎಂದರೇನು ಎಂಬುದನ್ನು ಅರಿಯಲು ಸಾನ್ ಮಾರ್ಕೊಗೆ ಹೋಗಬೇಕೆಂದು ಬಲ್ಲವರು ಹೇಳುತ್ತಾರೆ.

ಒಂದು ಬಟ್ಟಲು, ಇಡೀ ಮಧ್ಯಾಹ್ನ

ನಗರದ ಯಹೂದಿ ಆರಾಧನಾಲಯದ ಸಮೀಪದಲ್ಲಿಯೇ ಈ ಕಾಫಿ ಹೌಸ್ ಇದೆ. ಬಾಗಿಲು ತೆರೆದು ಒಳಗೆ ಕಾಲಿಟ್ಟರೆ ವಿಶಾಲವಾದ ಹಜಾರ. ಕಡುಬಣ್ಣದ ಮರದ ಕೆಲಸ, ಎರಕದ ಕಬ್ಬಿಣದ ಕಾಲುಗಳ ಮೇಲೆ ನಿಂತ ಅಮೃತಶಿಲೆಯ ಮೇಜುಗಳು, ಗೋಡೆಯ ಮೇಲ್ಭಾಗದಲ್ಲಿ ಮುಖವಾಡ ಧರಿಸಿದವರ ಚಿತ್ರಗಳು, ಅಲಂಕಾರಕ್ಕೆ ಕಾಫಿ ಗಿಡದ ಎಲೆಗಳು. ಒಂದು ಭಾಗದಲ್ಲಿ ಪುಸ್ತಕದಂಗಡಿ. ಒಂದು ಮೇಜಿನಲ್ಲಿ ವೃದ್ಧರಿಬ್ಬರು ಪತ್ರಿಕೆಯನ್ನು ಹಂಚಿಕೊಂಡು ಓದುತ್ತಿದ್ದರು. ಇನ್ನೊಂದರಲ್ಲಿ ವಿದ್ಯಾರ್ಥಿನಿಯೊಬ್ಬಳು ಪುಸ್ತಕಗಳನ್ನು ಹರಡಿಕೊಂಡು ಕುಳಿತಿದ್ದಳು. ಅಲ್ಲಿ ಮದ್ಯವೂ ದೊರೆಯುತ್ತದೆ. ನಾವು ಕಾಫಿಯನ್ನಷ್ಟೇ ಕೇಳಿದೆವು. ಬಟ್ಟಲಿನೊಂದಿಗೆ ಒಂದು ಲೋಟ ನೀರು ಬಂತು. ಆ ಬಳಿಕ ಏಳಿರೆಂದು ನಮಗೆ ಯಾರೂ ಹೇಳಲಿಲ್ಲ.

ವಿಯೆನ್ನಾ ಮಾದರಿಯ ತಿರುಳು ಇದೇ. ಅಲ್ಲಿ ಕಾಫಿ ಒಂದು ನೆಪ. ಮಾರಾಟವಾಗುವುದು ಸಮಯ ಮತ್ತು ಸ್ಥಳ. ಒಂದು ಬಟ್ಟಲಿನ ಬೆಲೆ ತೆತ್ತವನು ಗಂಟೆಗಟ್ಟಲೆ ಕುಳಿತು ಓದಬಹುದು, ಬರೆಯಬಹುದು, ವಾದಿಸಬಹುದು. ಆಸ್ಟ್ರಿಯಾ ದೇಶವು 2011ರಲ್ಲಿ ವಿಯೆನ್ನಾದ ಕಾಫಿ ಹೌಸ್ ಸಂಸ್ಕೃತಿಯನ್ನು ತನ್ನ ಅಮೂರ್ತ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿಸಿದ್ದು ಈ ಕಾರಣಕ್ಕಾಗಿಯೇ. ಟ್ರಿಯೆಸ್ಟೆಯ ಪ್ರಸಿದ್ಧ ಲೇಖಕ ಕ್ಲಾವ್ದಿಯೊ ಮಾಗ್ರಿಸ್ ಅವರು ವರ್ಷಗಳ ಕಾಲ ಸಾನ್ ಮಾರ್ಕೊದಲ್ಲಿ ಕುಳಿತು ಬರೆದವರು. 1997ರಲ್ಲಿ ಪ್ರಕಟವಾದ ಅವರ 'ಮಿಕ್ರೊಕೊಸ್ಮಿ' ಕೃತಿಯ ಮೊದಲ ಅಧ್ಯಾಯವೇ ಈ ಕಾಫಿ ಹೌಸಿನ ಕುರಿತಾದುದು.

ಈ ಹಜಾರಕ್ಕೆ ನೋವಿನ ಚರಿತ್ರೆಯೂ ಇದೆ. ಅದು ತೆರೆದದ್ದು 1914ರ ಜನವರಿ 3ರಂದು. ಆಗ ಟ್ರಿಯೆಸ್ಟೆಯನ್ನು ಇಟಲಿಗೆ ಸೇರಿಸಬೇಕೆಂದು ಬಯಸುತ್ತಿದ್ದ ಯುವಕರು ಅಲ್ಲಿ ಸೇರುತ್ತಿದ್ದರು. ಆಸ್ಟ್ರಿಯಾದ ಸೈನ್ಯಕ್ಕೆ ಸೇರಲೊಪ್ಪದೆ ಇಟಲಿಗೆ ಪಲಾಯನ ಮಾಡುವವರಿಗಾಗಿ ನಕಲಿ ಪಾಸ್‌ಪೋರ್ಟುಗಳೂ ಅಲ್ಲಿ ಸಿದ್ಧವಾಗುತ್ತಿದ್ದವು. 1915ರ ಮೇ 23ರಂದು ಇಟಲಿಯು ಆಸ್ಟ್ರಿಯಾ-ಹಂಗೇರಿಯ ಮೇಲೆ ಯುದ್ಧ ಸಾರಿತು. ಅದೇ ದಿನ ಆಸ್ಟ್ರಿಯಾದ ಸೈನಿಕರು ನುಗ್ಗಿ ಈ ಕಾಫಿ ಹೌಸನ್ನು ಧ್ವಂಸ ಮಾಡಿದರು. ತೆರೆದು ಒಂದೂವರೆ ವರ್ಷವೂ ಆಗಿರಲಿಲ್ಲ. ಇಂದು ನಾವು ಕಾಣುವುದು ಆನಂತರ ಮತ್ತೆ ಕಟ್ಟಿ, ಜೀರ್ಣೋದ್ಧಾರಗೊಳಿಸಿದ ರೂಪವನ್ನು.

ಮೂಟೆಗಳ ಕಥೆ

ವಿಯೆನ್ನಾಕ್ಕೆ ಮತ್ತು ಅದರ ಮೂಲಕ ಮಧ್ಯ ಯುರೋಪಿಗೆ ಕಾಫಿ ಹೇಗೆ ಬಂತು? ಪ್ರವಾಸಿ ಮಾರ್ಗದರ್ಶಕರನ್ನು ಕೇಳಿದರೆ ಸಿದ್ಧವಾದ ಉತ್ತರವೊಂದು ದೊರೆಯುತ್ತದೆ. 1683ರಲ್ಲಿ ಉಸ್ಮಾನಿಯಾ (ಒಟ್ಟೋಮನ್) ಸೇನೆ ಕಾರಾ ಮುಸ್ತಫಾ ಪಾಷಾನ ನೇತೃತ್ವದಲ್ಲಿ ವಿಯೆನ್ನಾವನ್ನು ಮುತ್ತಿತು. ಎರಡು ತಿಂಗಳ ಬಳಿಕ, ಸೆಪ್ಟೆಂಬರ್ 12ರಂದು, ಪೋಲೆಂಡಿನ ದೊರೆ ಯಾನ್ ಸೊಬಿಯೆಸ್ಕಿಯ ಸೇನೆಯ ನೆರವಿನಿಂದ ಮುತ್ತಿಗೆ ಮುರಿಯಿತು. ಇಲ್ಲಿಯವರೆಗಿನದು ಇತಿಹಾಸ. ಓಡಿಹೋದ ತುರ್ಕರ ಡೇರೆಗಳಲ್ಲಿ ವಿಚಿತ್ರ ಬೀಜಗಳ ಮೂಟೆಗಳು ಸಿಕ್ಕವಂತೆ. ಜನರು ಅವನ್ನು ಒಂಟೆಗಳ ಮೇವೆಂದು ತಿಳಿದರಂತೆ. ತುರ್ಕಿ ಭಾಷೆ ಬಲ್ಲ, ಮುತ್ತಿಗೆಯ ವೇಳೆ ವೇಷ ಮರೆಸಿಕೊಂಡು ಸಂದೇಶ ಸಾಗಿಸಿದ್ದ ಕೊಲ್ಶಿಟ್ಸ್ಕಿ ಎಂಬಾತ ಆ ಮೂಟೆಗಳನ್ನು ಬಹುಮಾನವಾಗಿ ಪಡೆದು ನಗರದ ಮೊದಲ ಕಾಫಿ ಹೌಸ್ ತೆರೆದನಂತೆ. ಈ ಭಾಗ ಕಥೆ. ವಿಯೆನ್ನಾದಲ್ಲಿ ಇವನ ಹೆಸರಿನ ಬೀದಿಯಿದೆ. ಆ ಬೀದಿಯ ಮೂಲೆಯಲ್ಲಿ, ತುರ್ಕಿ ಉಡುಪಿನಲ್ಲಿ ಕಾಫಿ ಸುರಿಯುತ್ತಿರುವ ಅವನ ಪ್ರತಿಮೆಯನ್ನು 1885ರಲ್ಲಿ ನಿಲ್ಲಿಸಲಾಗಿದೆ.

ಕೊಲ್ಶಿಟ್ಸ್ಕಿ ನಿಜವಾಗಿ ಬದುಕಿದ್ದ ವ್ಯಕ್ತಿ; ಸಂದೇಶ ಸಾಗಿಸಿದ್ದೂ ನಿಜ. ಆದರೆ ಅವನು ಮೊದಲ ಕಾಫಿ ಹೌಸ್ ತೆರೆದನೆಂಬ ಕಥೆ ಪ್ರಚಾರಕ್ಕೆ ಬಂದದ್ದು ಮುತ್ತಿಗೆಯಾಗಿ ಸರಿಯಾಗಿ ನೂರು ವರ್ಷಗಳ ಬಳಿಕ, 1783ರಲ್ಲಿ ಗಾಟ್‌ಫ್ರೀಡ್ ಊಲಿಷ್ ಎಂಬ ಪಾದ್ರಿ ಬರೆದ ಮುತ್ತಿಗೆಯ ಚರಿತ್ರೆಯಿಂದ. ದಾಖಲೆಗಳು ಬೇರೆಯದನ್ನೇ ಹೇಳುತ್ತವೆ. 1685ರ ಜನವರಿ 17ರಂದು ವಿಯೆನ್ನಾದಲ್ಲಿ ಕಾಫಿ ಮಾರುವ ಹಕ್ಕನ್ನು ಚಕ್ರವರ್ತಿಯಿಂದ ಪಡೆದವನು ಯೊಹಾನೆಸ್ ಡಿಯೊಡಾಟೊ ಎಂಬ ಅರ್ಮೇನಿಯನ್ ವರ್ತಕ. ಅವನು ಕ್ರೈಸ್ತ, ಉಸ್ಮಾನಿಯಾ ನಾಡಿನೊಂದಿಗೆ ವ್ಯಾಪಾರ ಸಂಬಂಧವುಳ್ಳವನು. ಅದಕ್ಕೂ ಮೊದಲು, 1664ರ ಶಾಂತಿ ಒಪ್ಪಂದದ ಬಳಿಕ, 1665ರಲ್ಲಿ ಕಾರಾ ಮೆಹ್ಮದ್ ಪಾಷಾನ ರಾಯಭಾರ ತಂಡವು ತನ್ನ ಕಾಫಿ ಕಾಯಿಸುವವರೊಂದಿಗೆ ವಿಯೆನ್ನಾದಲ್ಲಿ ತಿಂಗಳುಗಟ್ಟಲೆ ತಂಗಿತ್ತು. ಆದ್ದರಿಂದ ಮುತ್ತಿಗೆಗೆ ಹದಿನೆಂಟು ವರ್ಷಗಳ ಮೊದಲೇ ಆ ನಗರಕ್ಕೆ ಕಾಫಿಯ ಪರಿಚಯವಾಗಿತ್ತು. ಅದನ್ನು ಮೊದಲು ಹೊತ್ತು ತಂದದ್ದು ಯುದ್ಧವಲ್ಲ, ಶಾಂತಿ. ಬೇರೂರಿಸಿದ್ದು ಕೊಳ್ಳೆಯಲ್ಲ, ವ್ಯಾಪಾರ.

ಇದೇ ಮುತ್ತಿಗೆಗೆ ಅಂಟಿಕೊಂಡ ಇನ್ನೊಂದು ಕಥೆ ನಮ್ಮ ಮನೆಗಳ ಮೊಬೈಲುಗಳಿಗೂ ಬಂದು ತಲುಪುತ್ತದೆ. ಅರ್ಧಚಂದ್ರಾಕಾರದ ಕ್ರೋಸಾಂಟ್ ತಿಂಡಿಯನ್ನು ವಿಯೆನ್ನಾದ ಬೇಕರಿಯವರು ಮುಸ್ಲಿಮರ ಸೋಲನ್ನು ಹಂಗಿಸಲು ಮಾಡಿದರು, ಆದ್ದರಿಂದ ಅದನ್ನು ಮುಸ್ಲಿಮರು ತಿನ್ನಬಾರದು ಎಂಬ ಸಂದೇಶ ಅದು. ಕ್ರೋಸಾಂಟಿನ ಪೂರ್ವಜವಾದ 'ಕಿಪ್ಫೆಲ್' ಎಂಬ ಬಾಗಿದ ರೊಟ್ಟಿ ಆಸ್ಟ್ರಿಯಾದಲ್ಲಿ ಮುತ್ತಿಗೆಗಿಂತ ಶತಮಾನಗಳ ಹಿಂದಿನಿಂದಲೂ ಇತ್ತು. ಹಂಗಿಸಲೆಂದು ಮಾಡಿದರೆಂಬುದಕ್ಕೆ ಆ ಕಾಲದ ಪುರಾವೆಯಿಲ್ಲ. ಗೆದ್ದವರ ಹೆಮ್ಮೆಗಾಗಿ ಹುಟ್ಟಿದ ಕಟ್ಟುಕಥೆಯನ್ನು ನಾವು ನಮ್ಮ ಅವಮಾನವೆಂದು ಹೊತ್ತು ತಿರುಗುವುದು ಎಂತಹ ವಿಪರ್ಯಾಸ!

ರಾತ್ರಿಯ ಆರಾಧಕರ ಪಾನೀಯ

ಹಾಗಾದರೆ ಕಾಫಿಯ ನಿಜವಾದ ದಾರಿ ಯಾವುದು? ಗಿಡದ ತವರು ಇಥಿಯೋಪಿಯಾದ ಕಾಡುಗಳು. ಮೇಕೆಗಳು ಕಾಫಿ ಹಣ್ಣು ತಿಂದು ಕುಣಿದದ್ದನ್ನು ಕಂಡ ಕುರುಬನ ಕಥೆ ಎಲ್ಲರೂ ಕೇಳಿರುವುದೇ. ಅದೂ ಬಹಳ ಕಾಲದ ನಂತರ ಯುರೋಪಿನ ಪುಸ್ತಕಗಳಲ್ಲಿ ಕಾಣಿಸಿಕೊಂಡದ್ದು. ಖಚಿತವಾಗಿ ಹೇಳಬಹುದಾದುದು ಇಷ್ಟು: 15ನೇ ಶತಮಾನದಲ್ಲಿ ಯೆಮೆನಿನ ಸೂಫಿಗಳು ರಾತ್ರಿಯ ಝಿಕ್ರ್ ಮತ್ತು ಆರಾಧನೆಯ ವೇಳೆ ನಿದ್ರೆಯನ್ನು ದೂರವಿಡಲು ಈ ಪಾನೀಯವನ್ನು ಬಳಸುತ್ತಿದ್ದರು. 16ನೇ ಶತಮಾನದ ಮಧ್ಯದಲ್ಲಿ ಅಬ್ದುಲ್ ಖಾದಿರ್ ಅಲ್ ಜಝೀರಿಯವರು ಕಾಫಿಯ ಕುರಿತಾಗಿಯೇ ಬರೆದ ಗ್ರಂಥದಲ್ಲಿ, ಅದನ್ನು ಬಳಕೆಗೆ ತಂದವರೆಂದು ಏಡನ್‌ನ ವಿದ್ವಾಂಸ ಮುಹಮ್ಮದ್ ಅಲ್ ಝಬ್‌ಹಾನಿಯವರ ಹೆಸರನ್ನು ದಾಖಲಿಸಿದ್ದಾರೆ.

ಯೆಮೆನಿನಿಂದ ಮಕ್ಕಾ, ಕೈರೋ ನಗರಗಳಿಗೆ ಕಾಫಿ ಹರಡಿತು. ಅಲ್ಲಿ ಅದು ದೊಡ್ಡ ವಿವಾದವನ್ನೂ ಎದುರಿಸಿತು. ಹಿಜರಿ 917ರಲ್ಲಿ, ಅಂದರೆ 1511ರಲ್ಲಿ, ಮಕ್ಕಾದ ಮಾರುಕಟ್ಟೆ ಮತ್ತು ನಡತೆಗಳ ಮೇಲ್ವಿಚಾರಕನಾಗಿದ್ದ ಖೈರ್ ಬೇಗ್, ರಾತ್ರಿಯ ಹೊತ್ತು ಮಸೀದಿಯ ಸಮೀಪ ಜನರು ಗುಂಪಾಗಿ ಕುಳಿತು ಏನನ್ನೋ ಕುಡಿಯುತ್ತಿರುವುದನ್ನು ಕಂಡನು. ವಿದ್ವಾಂಸರ ಸಭೆ ಕರೆದನು. ಕಾಫಿ ದೇಹಕ್ಕೆ ಹಾನಿಕರವೆಂದು ಇಬ್ಬರು ವೈದ್ಯರು ಸಾಕ್ಷ್ಯ ನುಡಿದರು. ಕಾಫಿ ನಿಷೇಧವಾಯಿತು. ದಾಸ್ತಾನನ್ನು ಬೀದಿಯಲ್ಲಿ ಸುಡಲಾಯಿತು.

ವಿರೋಧಿಗಳ ಕೈಯಲ್ಲಿ ಭಾಷೆಯ ಅಸ್ತ್ರವೂ ಇತ್ತು. ಅರಬಿಯ 'ಖಹ್ವಾ' ಎಂಬ ಪದ ಹಿಂದೆ ಮದ್ಯದ ಹೆಸರುಗಳಲ್ಲೊಂದಾಗಿತ್ತು. ಆದರೆ ವಿದ್ವಾಂಸರಲ್ಲಿ ಹಲವರು ಹೆಸರಿಗೆ ಮರುಳಾಗಲಿಲ್ಲ. ವಿಧಿ ನಿರ್ಧಾರವಾಗುವುದು ವಸ್ತುವಿನ ಹೆಸರಿನಿಂದಲ್ಲ, ಅದರ ಗುಣದಿಂದ. ಮದ್ಯವು ಬುದ್ಧಿಯನ್ನು ಮಸುಕಾಗಿಸುತ್ತದೆ. ಕಾಫಿ ಎಚ್ಚರವನ್ನು ಕೊಡುತ್ತದೆ. ನಿಷಿದ್ಧವೆಂಬುದಕ್ಕೆ ಸ್ಪಷ್ಟ ಪುರಾವೆ ದೊರೆಯದಿದ್ದರೆ ವಸ್ತುವು ಮೂಲತಃ ಅನುಮತ ಎಂಬುದು ಫಿಕ್ಹ್‌ನ ಪ್ರಸಿದ್ಧ ನಿಯಮ. ಕೈರೋದಲ್ಲಿದ್ದ ಸುಲ್ತಾನನಿಂದ ಬಂದ ಆದೇಶವು ಅಶಿಸ್ತಿನ ಕೂಟಗಳನ್ನು ತಡೆಯಲು ಹೇಳಿತೇ ಹೊರತು ಪಾನೀಯವನ್ನು ಪೂರ್ಣವಾಗಿ ನಿಷೇಧಿಸಲಿಲ್ಲ. ಮರುವರ್ಷ ಖೈರ್ ಬೇಗನ ಸ್ಥಾನಕ್ಕೆ ಬೇರೊಬ್ಬನು ಬಂದನು. ಆ ಬಳಿಕವೂ ವಿವಾದ ದಶಕಗಳ ಕಾಲ ಮರುಕಳಿಸುತ್ತಿತ್ತು, ಆದರೆ ಕಾಲಕ್ರಮೇಣ ಕಾಫಿ ಮುಸ್ಲಿಮ್ ಜಗತ್ತಿನ ಸಾಮಾನ್ಯ ಪಾನೀಯವಾಯಿತು. ಪುರಾವೆ ಕೇಳಿ, ವಾದ ಆಲಿಸಿ, ತೀರ್ಪನ್ನು ತಿದ್ದಿಕೊಂಡ ಆ ವಿದ್ವತ್ ಪರಂಪರೆಯನ್ನು ನಾವು ಇಂದು ಎಷ್ಟು ನೆನೆಯುತ್ತೇವೆ?

1554-55ರ ವೇಳೆಗೆ ಕಾಫಿ ಇಸ್ತಾಂಬುಲನ್ನು ಸೇರಿತು. ಅಲೆಪ್ಪೊದ ಹಕಮ್ ಮತ್ತು ದಮಾಸ್ಕಸ್‌ನ ಶಮ್ಸ್ ಎಂಬಿಬ್ಬರು ಅಲ್ಲಿನ ತಹ್ತಕಲೆ ಪ್ರದೇಶದಲ್ಲಿ ಕಾಫಿ ಅಂಗಡಿಗಳನ್ನು ತೆರೆದರೆಂದು ಇತಿಹಾಸಕಾರ ಇಬ್ರಾಹೀಮ್ ಪೆಚೆವಿಯವರು ಬರೆದಿದ್ದಾರೆ. ಅಲ್ಲಿ ಕೆಲವರು ಪುಸ್ತಕ ಓದುತ್ತಿದ್ದರು, ಕೆಲವರು ಚದುರಂಗವಾಡುತ್ತಿದ್ದರು, ಕವಿಗಳು ಹೊಸ ಕವಿತೆಗಳನ್ನು ತಂದು ಚರ್ಚಿಸುತ್ತಿದ್ದರು. ಕಡಿಮೆ ಖರ್ಚಿನಲ್ಲಿ ಬಹಳ ಹೊತ್ತು ಕುಳಿತು, ಬೇರೆ ಬೇರೆ ಅಂತಸ್ತಿನವರ ಜೊತೆ ಮಾತನಾಡಬಹುದಾದ ತಾಣ ಅದು. ಇಂದು ವಿಯೆನ್ನಾ ಮಾದರಿ ಎಂದು ನಾವು ಕರೆಯುವ ವ್ಯವಸ್ಥೆಯ ಬಹುಪಾಲು ಲಕ್ಷಣಗಳು ವಿಯೆನ್ನಾಕ್ಕಿಂತ ನೂರಮೂವತ್ತು ವರ್ಷಗಳ ಹಿಂದೆಯೇ ಇಸ್ತಾಂಬುಲಿನಲ್ಲಿದ್ದವು. ಟ್ರಿಯೆಸ್ಟೆಯ ಪರಿಚಾರಕನು ದಿನಕ್ಕೆ ನೂರು ಸಲ ಉಚ್ಚರಿಸುವ 'ಕಾಫೆ' ಎಂಬ ಪದವೇ ತುರ್ಕಿಯ 'ಕಹ್ವೆ'ಯಿಂದ, ಅದು ಅರಬಿಯ 'ಖಹ್ವಾ'ದಿಂದ ಬಂದದ್ದು.

ಮೇಜಿಗೆ ಹೆದರಿದ ಅಧಿಕಾರ

ಸಾನ್ ಮಾರ್ಕೊದ 1915ರ ಧ್ವಂಸವನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ಅದು ಒಂಟಿ ಘಟನೆಯಲ್ಲವೆಂದು ತಿಳಿಯುತ್ತದೆ. 1511ರಲ್ಲಿ ಮಕ್ಕಾದ ಅಧಿಕಾರಿ ಹೆದರಿದ್ದು ಕಾಫಿಗಿಂತ ಹೆಚ್ಚಾಗಿ ರಾತ್ರಿಯ ಕೂಟಗಳಿಗೆ. 1633ರಲ್ಲಿ ನಾಲ್ಕನೆಯ ಮುರಾದ್ ಸುಲ್ತಾನನು ಇಸ್ತಾಂಬುಲಿನ ಕಾಫಿ ಹೌಸ್‌ಗಳನ್ನು ಮುಚ್ಚಿಸಿದನು. ಅಲ್ಲಿ ಆಳ್ವಿಕೆಯ ವಿರುದ್ಧ ಮಾತು ಬೆಳೆಯುತ್ತದೆಂಬುದು ಅವನ ಆತಂಕ. 1675ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆ ಇದೇ ಕಾರಣಕ್ಕೆ ಕಾಫಿ ಹೌಸ್‌ಗಳನ್ನು ಮುಚ್ಚಲು ಆಜ್ಞೆ ಹೊರಡಿಸಿ, ಜನರ ವಿರೋಧ ಕಂಡು ಕೆಲವೇ ದಿನಗಳಲ್ಲಿ ಹಿಂದೆಗೆದುಕೊಂಡನು. ಮುಸ್ಲಿಮ್ ಸುಲ್ತಾನನಿರಲಿ, ಕ್ರೈಸ್ತ ದೊರೆಯಿರಲಿ, ಜನರು ಸಮಾನವಾಗಿ ಕುಳಿತು ಮಾತನಾಡುವ ಮೇಜಿನ ಬಗ್ಗೆ ಅಧಿಕಾರದ ಭಯ ಒಂದೇ ಬಗೆಯದು. ನಮ್ಮವರು ಮಾಡಿದ ತಪ್ಪನ್ನು ಮುಚ್ಚಿಟ್ಟು ಇತರರ ತಪ್ಪನ್ನು ಮಾತ್ರ ಎತ್ತಿ ತೋರಿಸುವುದು ಇತಿಹಾಸವಲ್ಲ.

ನಮ್ಮ ಗಿರಿಯ ಏಳು ಬೀಜಗಳು

ಈ ಬಟ್ಟಲಿನ ಕಥೆ ಕರ್ನಾಟಕವನ್ನೂ ಮುಟ್ಟುತ್ತದೆ. ಭಾರತದ ಕಾಫಿ ಬೆಳೆಯಲ್ಲಿ ಸುಮಾರು ಶೇ. 70 ಭಾಗ ನಮ್ಮ ರಾಜ್ಯದ್ದು. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶಗಳ ಸಾಲಿನಲ್ಲಿ ಇಟಲಿ ಮುಂಚೂಣಿಯಲ್ಲಿದೆ. ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳ ಬೀಜ ಇಟಲಿಯ ಬಟ್ಟಲುಗಳಲ್ಲಿ ಬೆರೆತಿರುವುದು ಹೊಸ ಸಂಗತಿಯೇನಲ್ಲ.

ನಮ್ಮಲ್ಲಿಗೆ ಕಾಫಿ ಬಂದ ಬಗೆಗೆ ಎಲ್ಲರ ಮನೆಯಲ್ಲೂ ಒಂದು ಕಥೆಯಿದೆ. 17ನೇ ಶತಮಾನದ ಸೂಫಿ ಸಂತ ಬಾಬಾ ಬುಡನ್ ಅವರು ಹಜ್ಜ್ ಯಾತ್ರೆಯಿಂದ ಮರಳುವಾಗ ಯೆಮೆನಿನ ಮೋಖಾ ಬಂದರಿನಿಂದ ಏಳು ಬೀಜಗಳನ್ನು ಗುಟ್ಟಾಗಿ ತಂದು ಚಂದ್ರದ್ರೋಣ ಗಿರಿಯಲ್ಲಿ ಬಿತ್ತಿದರೆಂಬ ಕಥೆ. ಹಿಂದೂ ಮುಸ್ಲಿಮರಿಬ್ಬರೂ ಗೌರವದಿಂದ ನಡೆದುಕೊಂಡು ಬಂದ ಆ ಗಿರಿ ಅವರ ಹೆಸರನ್ನೇ ಹೊತ್ತಿದೆ. ಕೊಲ್ಶಿಟ್ಸ್ಕಿಯ ಕಥೆಯನ್ನು ತೂಗಿದ ತಕ್ಕಡಿಯಲ್ಲಿಯೇ ಇದನ್ನೂ ತೂಗುವ ಧೈರ್ಯ ನಮಗಿರಬೇಕು. ಬೀಜಗಳು ಏಳೇ ಆಗಿದ್ದವೆಂಬುದಕ್ಕೆ ದಾಖಲೆಯಿಲ್ಲ. ಗಡ್ಡದಲ್ಲಿ ಅಡಗಿಸಿದರೋ ಸೊಂಟಕ್ಕೆ ಕಟ್ಟಿಕೊಂಡರೋ ಎಂಬುದು ಹೇಳುವವರ ಬಾಯಲ್ಲಿ ಬದಲಾಗುತ್ತದೆ. ಇದು ಜನಪರಂಪರೆ.

ಆದರೆ ಎರಡು ಕಥೆಗಳ ನಡುವೆ ಒಂದು ವ್ಯತ್ಯಾಸವಿದೆ. ವಿಯೆನ್ನಾದಲ್ಲಿ ದಾಖಲೆಯೇ ಕಥೆಗೆ ವಿರುದ್ಧವಾಗಿ ನಿಲ್ಲುತ್ತದೆ. ಇಲ್ಲಿ ದಾಖಲೆ ಮೌನವಾಗಿದ್ದರೂ ಸನ್ನಿವೇಶ ಕಥೆಯ ಪರವಾಗಿದೆ. 1690ರ ದಶಕದಲ್ಲಿ ಡಚ್ಚರು ಜಾವಾ ದ್ವೀಪಕ್ಕೆ ಕಾಫಿ ಸಸಿಗಳನ್ನು ಸಾಗಿಸಿದ್ದು ಮಲಬಾರ್ ಕರಾವಳಿಯಿಂದ. ಅಂದರೆ ಆ ಶತಮಾನ ಮುಗಿಯುವ ಮೊದಲೇ ನಮ್ಮ ಪಶ್ಚಿಮ ಕರಾವಳಿಯಲ್ಲಿ ಕಾಫಿ ಗಿಡವಿತ್ತು. ಯೆಮೆನಿನೊಂದಿಗೆ ಹಡಗುಗಳ ಸಂಪರ್ಕವಿತ್ತು, ಹಾಜಿಗಳ ಓಡಾಟವಿತ್ತು. ಇಷ್ಟನ್ನು ಇಷ್ಟೇ ಎಂದು ಹೇಳಿದರೆ ಬಾಬಾ ಬುಡನ್ ಅವರ ಗೌರವ ಕುಂದುವುದಿಲ್ಲ. ತೂಗಿ ನುಡಿದ ಮಾತನ್ನು ಯಾರೂ ಸುಲಭವಾಗಿ ತಳ್ಳಿಹಾಕಲಾರರು.

ಮಕ್ಕಳಿಗೆ ಏನು ಹೇಳಬೇಕು?

ಇಂದು ನಮ್ಮ ಯುವಕರ ಮುಂದೆ ಎರಡು ಬಗೆಯ ಇತಿಹಾಸಗಳು ಬಂದು ನಿಲ್ಲುತ್ತವೆ. ಒಂದರಲ್ಲಿ ಮುಸ್ಲಿಮನೆಂದರೆ ಡೇರೆಯನ್ನೂ ಮೂಟೆಯನ್ನೂ ಬಿಟ್ಟು ಓಡಿಹೋದ ಶತ್ರು ಮಾತ್ರ. ಜಗತ್ತಿಗೆ ಅವನ ಕೊಡುಗೆಯೇನಿದ್ದರೂ ಅದು ಕಸಿದುಕೊಂಡದ್ದು. ಇನ್ನೊಂದರಲ್ಲಿ ಜಗತ್ತಿನ ಪ್ರತಿಯೊಂದು ಒಳಿತನ್ನೂ ಮುಸ್ಲಿಮರೇ ಕಂಡುಹಿಡಿದರು, ಇತರರೆಲ್ಲ ಕದ್ದರು. ಮೊದಲನೆಯದು ನಮ್ಮನ್ನು ನೋಯಿಸುತ್ತದೆ, ಎರಡನೆಯದು ನಮ್ಮನ್ನು ಉಬ್ಬಿಸುತ್ತದೆ. ಎರಡೂ ಸತ್ಯದಿಂದ ದೂರ. ಸುದ್ದಿ ಬಂದಾಗ ಅದನ್ನು ಪರಿಶೀಲಿಸಬೇಕೆಂದು ಕುರ್‌ಆನ್‌ನ ಅಲ್ ಹುಜುರಾತ್ ಅಧ್ಯಾಯ ಕಲಿಸುತ್ತದೆ. ಒಂದು ಜನಾಂಗದ ಮೇಲಿನ ದ್ವೇಷವು ನ್ಯಾಯದಿಂದ ನಮ್ಮನ್ನು ಸರಿಸಬಾರದೆಂದು ಅಲ್ ಮಾಇದಾ ಅಧ್ಯಾಯ ಎಚ್ಚರಿಸುತ್ತದೆ. ಈ ಬೋಧನೆಗಳು ಇಂದಿನ ಸುದ್ದಿಗೆ ಎಷ್ಟು ಅನ್ವಯಿಸುತ್ತವೆಯೋ ಮುನ್ನೂರು ವರ್ಷಗಳ ಹಿಂದಿನ ಸುದ್ದಿಗೂ ಅಷ್ಟೇ ಅನ್ವಯಿಸುತ್ತವೆ.

ನಿಜವಾದ ಇತಿಹಾಸ ಈ ಎರಡಕ್ಕಿಂತಲೂ ಸುಂದರವಾಗಿದೆ. ಇಥಿಯೋಪಿಯಾದ ಕಾಡು ಗಿಡವನ್ನು ಯೆಮೆನಿನ ಆರಾಧಕರು ಪಾನೀಯವಾಗಿ ಬಳಸಿದರು. ಮಕ್ಕಾ ಮತ್ತು ಕೈರೋದ ವಿದ್ವಾಂಸರು ಅದರ ಸರಿತಪ್ಪುಗಳನ್ನು ವಿಚಾರಿಸಿದರು. ಸಿರಿಯಾದ ಇಬ್ಬರು ಅದಕ್ಕೆ ಇಸ್ತಾಂಬುಲಿನಲ್ಲಿ ಅಂಗಡಿ ಹಾಕಿದರು. ಅರ್ಮೇನಿಯನ್ ಕ್ರೈಸ್ತನೊಬ್ಬನು ಅದನ್ನು ವಿಯೆನ್ನಾದಲ್ಲಿ ಮಾರಿದನು. ವಿಯೆನ್ನಾದವರು ಅದಕ್ಕೆ ಹಾಲು ಬೆರೆಸಿ, ಪತ್ರಿಕೆಗಳನ್ನೂ ಅಮೃತಶಿಲೆಯ ಮೇಜುಗಳನ್ನೂ ಸೇರಿಸಿ ತಮ್ಮದೇ ಆದ ಸಂಸ್ಕೃತಿಯನ್ನು ಕಟ್ಟಿದರು. ಟ್ರಿಯೆಸ್ಟೆಯ ವರ್ತಕರು ಅದನ್ನು ಹಡಗಿನಿಂದ ಇಳಿಸಿಕೊಂಡರು. ಇವರಲ್ಲಿ ಯಾರೊಬ್ಬರನ್ನು ಅಳಿಸಿದರೂ ಕಥೆ ತುಂಡಾಗುತ್ತದೆ. ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ತುರ್ಕಿ ಕಾಫಿಯ ಸಂಪ್ರದಾಯವನ್ನು 2013ರಲ್ಲಿಯೂ ಅರಬಿ ಕಾಫಿಯ ಆತಿಥ್ಯವನ್ನು 2015ರಲ್ಲಿಯೂ ಸೇರಿಸಿತು. ಗೌರವವನ್ನು ಹಂಚಿಕೊಂಡರೆ ಅದು ಯಾರಿಗೂ ಕಡಿಮೆಯಾಗುವುದಿಲ್ಲ.

ನಮ್ಮ ಮಕ್ಕಳಿಗೆ ಈ ದಾರಿಯನ್ನು ಪೂರ್ಣವಾಗಿ ಹೇಳೋಣ. ಪುರಾವೆಯಿರುವಲ್ಲಿ ಪುರಾವೆಯೆಂದು, ಪರಂಪರೆಯಿರುವಲ್ಲಿ ಪರಂಪರೆಯೆಂದು, ಕಟ್ಟುಕಥೆಯಿರುವಲ್ಲಿ ಕಟ್ಟುಕಥೆಯೆಂದು ಬೇರ್ಪಡಿಸಿ ಹೇಳೋಣ. ತನ್ನವರ ಕಥೆಯನ್ನೂ ಪರೀಕ್ಷಿಸಿ ನೋಡುವ ಅಭ್ಯಾಸವುಳ್ಳ ಮಗುವು ಇತರರು ತನ್ನವರ ಬಗ್ಗೆ ಹಬ್ಬಿಸುವ ಸುಳ್ಳನ್ನೂ ಅಂಜದೆ ಪ್ರಶ್ನಿಸಬಲ್ಲದು.